ಕಣಗಿಲೆ ಇದ್ದ ಜಾಗ

ಜೂನ್ ೪

ಗುಬ್ಬಿಗೆ,

ನಿನ್ನ ಅಪ್ಪ ನಿನ್ನನ್ನು ಹೀಗೆ ಕರೆಯುವುದನ್ನು ಕೇಳಿ ಕೇಳಿ ನನ್ನ ಬಾಯಿಗೂ ಇದೇ ಬಂದುಬಿಟ್ಟಿದೆ. ಬೇಡ ಅನ್ನಿಸಿದರೆ ಹೇಳು, ಬೇರೆ ಏನಾದರೂ ಕರೆಯುತ್ತೇನೆ.

ಫೋನು ಮಾಡಿದ್ದೆ. ನೀನು ಕೆಲಸದಲ್ಲಿದ್ದೆ ಅಂತ ಕಾಣುತ್ತದೆ, ಎತ್ತಲಿಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಇಷ್ಟು ವರ್ಷ ಊರವರ ಪತ್ರಗಳಿಗೆಲ್ಲ ಮುದ್ರೆ ಹೊಡೆದಿದ್ದೇನೆ, ನಾನಾಗಿ ಬರೆದದ್ದು ಕಡಿಮೆ. ಪತ್ರದಲ್ಲಿ ಒಂದು ಅನುಕೂಲ ಇದೆ. ಓದುವವರು ಪುರಸೊತ್ತಾದಾಗ ಓದಬಹುದು, ಸಿಟ್ಟು ಬಂದರೆ ಮಡಚಿಟ್ಟು ಒಂದು ಲೋಟ ನೀರು ಕುಡಿದು ಬರಬಹುದು.

ವಿಷಯ ಹಿತ್ತಲಿನದು. ನಮ್ಮ ಮದುವೆಯ ದಿನ ನೀನು ರಿಜಿಸ್ಟ್ರಾರ್ ಕಚೇರಿಗೆ ಬಂದು ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿ, ನಮ್ಮ ಜೊತೆ ಊಟ ಮಾಡಿ ಸಂಜೆಯ ರೈಲಿಗೆ ಹೊರಟೆಯಲ್ಲ, ಅವತ್ತು ಗೇಟಿನ ಹತ್ತಿರ ಅಪ್ಪನಿಗೆ ಒಂದು ಮಾತು ಹೇಳಿದ್ದೆ, ಅಮ್ಮನ ಗಿಡಗಳನ್ನು ಯಾರೂ ಮುಟ್ಟುವುದು ಬೇಡ ಅಂತ. ನನಗೂ ಕೇಳಿಸಿತ್ತು. ಅಲ್ಲಿಂದ ಇಲ್ಲಿಯವರೆಗೆ ನಾನು ಹಿತ್ತಲಿಗೆ ಹೋದದ್ದು ಬಟ್ಟೆ ಒಣಹಾಕಲು ಮಾತ್ರ. ಈಗ ಬಟ್ಟೆಯ ತಂತಿಯೂ ಬಳ್ಳಿಯೊಳಗೆ ಮುಚ್ಚಿಹೋಗಿದೆ. ನಿನ್ನ ಅಮ್ಮ ತೀರಿಕೊಂಡ ಮೇಲೆ ಯಾರೂ ಕೈಹಾಕದೆ ಬಿಟ್ಟದ್ದರಿಂದ ಒಂದರ ಮೇಲೊಂದು ಬಿದ್ದು ಬೆಳೆದು, ಯಾವ ಹೂ ಯಾವುದರದ್ದು ಎಂದು ಗೊತ್ತಾಗುವುದಿಲ್ಲ. ಒಳಗೆ ಏನೋ ಒಂದು ಸಂಜೆಯ ಹೊತ್ತು ಘಮಘಮ ಅನ್ನುತ್ತದೆ. ಎಲ್ಲಿ ಅಂತ ಹುಡುಕಲು ಹೋದರೆ ಸೆರಗು ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ.

ಇದನ್ನೆಲ್ಲ ಹಾಗೇ ಬಿಡಬಹುದಿತ್ತು. ಆದರೆ ಅಡುಗೆಮನೆಯ ಸಿಂಕಿನ ನೀರು ಇಳಿಯುತ್ತಿಲ್ಲ. ಪ್ಲಂಬರ್ ಬಂದು ಅಗೆದು ನೋಡಿದ. ಕಿಟಕಿಯ ಎದುರಿನ ಕಣಗಿಲೆಯ ಬೇರು ಪೈಪು ಒಡೆದು ಒಳಗೆ ಹೊಕ್ಕಿದೆಯಂತೆ. ಗಿಡ ತೆಗೆಯದೆ ಪೈಪು ಬದಲಾಯಿಸಿದರೆ ವರ್ಷದೊಳಗೆ ಮತ್ತೆ ಇದೇ ಗತಿ ಅಂದ.

ನಿನ್ನನ್ನು ಕೇಳದೆ ಮಾಡುವ ಕೆಲಸ ಇದಲ್ಲ. ಕಣಗಿಲೆಗೆ ಏನು ಮಾಡಲಿ? ಹಾಗೆಯೇ ಉಳಿದವುಗಳಲ್ಲಿ ಯಾವುದು ಇರಬೇಕು, ಖಾಲಿಯಾದ ಕಡೆ ಹೂವೋ ತರಕಾರಿಯೋ ಏನು ಹಾಕಿದರೆ ಚೆಂದ ಎಂದೂ ಹೇಳಿದರೆ ಉಪಕಾರ. ನನಗೆ ಗಿಡದ ಗಂಧಗಾಳಿ ಇಲ್ಲ. ನಿನ್ನ ಅಪ್ಪನನ್ನು ಕೇಳಿದರೆ ಎಲ್ಲದಕ್ಕೂ ‘ಅದೊಂದು ಸೊಪ್ಪು’ ಅನ್ನುತ್ತಾರೆ.

ಇಂತಿ,
ನಿನ್ನ ಅಪ್ಪನ ಹೆಂಡತಿ
(ಬೇರೆ ಹೇಗೆ ಬರೆಯಬೇಕೋ ತೋಚಲಿಲ್ಲ)


ಜೂನ್ ೧೯

ನಮಸ್ಕಾರ.

ಪತ್ರ ತಲುಪಿತು. ಇಲ್ಲಿ ಲ್ಯಾಬಿನಲ್ಲಿ ಕೆಲಸ ಹೆಚ್ಚು, ತಡವಾಯಿತು.

ಕಣಗಿಲೆ ಕಡಿಯಬೇಡಿ. ಉಳಿದದ್ದು ನಿಮ್ಮಿಷ್ಟ.

ಗುಬ್ಬಿ


ಜುಲೈ ೨

ಗುಬ್ಬಿಗೆ,

ಕೆಳಗೆ ‘ಗುಬ್ಬಿ’ ಎಂದೇ ಬರೆದಿದ್ದೀಯ, ಹಾಗಾದರೆ ಹಾಗೆ ಕರೆಯಬಹುದು ಎಂದುಕೊಂಡೆ.

ಕಣಗಿಲೆಗೆ ಯಾರೂ ಕೈಹಚ್ಚುವುದಿಲ್ಲ. ಪ್ಲಂಬರನಿಗೆ ಸದ್ಯಕ್ಕೆ ಬೇಡ ಅಂದಿದ್ದೇನೆ. ಅವನು ನನ್ನ ಮುಖವನ್ನು ಒಂದು ಥರ ನೋಡಿ ಹೋದ.

ಉಳಿದ ಕಡೆ ಭಾನುವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಡಿಸುತ್ತಿದ್ದೇನೆ. ಪೂರ್ತಿ ಒಣಗಿದ್ದನ್ನು ಮಾತ್ರ ತೆಗೆಯುತ್ತೇನೆ. ಹಸಿರು ಚೂರು ಕಂಡರೂ ಬಿಟ್ಟುಬಿಡುತ್ತೇನೆ. ನಿನ್ನ ಅಪ್ಪನೂ ಹುರುಪಿನಿಂದ ಸೇರಿಕೊಂಡರು. ಪಂಪ್ ಹೌಸಿನಲ್ಲಿ ಊರಿಗೆಲ್ಲ ನೀರು ಬಿಡುವವರಿಗೆ ನಾಲ್ಕು ಗಿಡಕ್ಕೆ ನೀರು ಹಾಕುವುದು ಯಾವ ಲೆಕ್ಕ ಎಂದುಕೊಂಡೆ. ಒಂದು ಮೂಲೆಯಲ್ಲಿ ತಾವಾಗಿಯೇ ಹುಟ್ಟಿಕೊಂಡಿದ್ದ ಸಸಿಗಳನ್ನೆಲ್ಲ ಕಳೆ ಅಂತ ಕಿತ್ತರು. ಪಕ್ಕದಲ್ಲಿ ಇನ್ನೊಂದಕ್ಕೆ ಕೋಲು ಕೊಟ್ಟು, ದಾರ ಕಟ್ಟಿ, ದಿನಾ ನೀರು ಹಾಕಿ ಸಾಕಿದರು. ಅದು ವಾರದೊಳಗೆ ಸೊಗಸಾಗಿ ಚಿಗುರಿದ ಮೇಲೆ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ನೋಡಿ, ಅದು ಮೈ ತುರಿಸುವ ಸೊಪ್ಪು, ಯಾಕೆ ಬೆಳೆಸ್ತಿದ್ದೀರಿ ಎಂದು ಕೇಳಿದರು. ಅವತ್ತಿನಿಂದ ನಿನ್ನ ಅಪ್ಪ ಹಿತ್ತಲಿನ ಕಡೆ ತಲೆ ಹಾಕಿಲ್ಲ.

ಇದರೊಳಗೆ ಒಂದು ಎಲೆ ಇಟ್ಟಿದ್ದೇನೆ. ಮುರಿದರೆ ಶುಂಠಿಯ ಹಾಗೆ ವಾಸನೆ. ಬುಡದಲ್ಲಿ ಗೆಡ್ಡೆ ಇದೆ. ಇದು ಏನು? ಇಡಬಹುದಲ್ಲವೇ?

ಊಟ ಹೊತ್ತಿಗೆ ಸರಿಯಾಗಿ ಮಾಡುತ್ತೀಯಾ? ಹಲ್ಲಿನ ಲ್ಯಾಬಿನಲ್ಲಿ ಇಡೀ ದಿನ ಬೇರೆಯವರ ಹಲ್ಲು ನೋಡಿದರೆ ಹಸಿವೆಯೇ ಹೋಗುತ್ತದೇನೋ ಎಂದು ನಿನ್ನ ಅಪ್ಪ ಹೇಳುತ್ತಿದ್ದರು.

ಇಂತಿ,
ಅಪ್ಪನ ಮನೆಯಿಂದ


ಜುಲೈ ೧೫

ಗುಬ್ಬೀ,

ನನಗೆ ಬರೆಯಲು ಬರುವುದಿಲ್ಲ, ನಿನಗೆ ಗೊತ್ತು. ಫೋನಿನಲ್ಲಿ ಹೇಳೋಣವೆಂದರೆ ಅವಳು ಪಕ್ಕದಲ್ಲೇ ಇರುತ್ತಾಳೆ. ಪಂಪ್ ಹೌಸಿನಲ್ಲಿ ಕೂತು ಬರೆಯುತ್ತಿದ್ದೇನೆ.

ನಿನ್ನ ಚಿಕ್ಕಮ್ಮ ಒಂದು ತಿಂಗಳಿಂದ ಪಾತ್ರೆಗಳನ್ನೆಲ್ಲ ಹೊರಗೆ ಹೊತ್ತು ಹಿತ್ತಲಿನ ಕಲ್ಲಿನ ಮೇಲೆ ತೊಳೆಯುತ್ತಿದ್ದಾಳೆ. ಮಳೆ ಬಂದರೆ ಛತ್ರಿ ಹಿಡಿದು ತೊಳೆಯುತ್ತಾಳೆ. ಅಡುಗೆಮನೆಯ ನೆಲದಲ್ಲಿ ಕೊಳೆನೀರು ಬರುತ್ತದೆ, ಕಚೇರಿಗೆ ಹೋಗುವ ಮುಂಚೆ ಅದನ್ನು ಬಳಿದು ಹೋಗುತ್ತಾಳೆ. ಇದನ್ನೆಲ್ಲ ನಿನಗೆ ಬರೆದಿರುವುದಿಲ್ಲ ಅಂತ ನನಗೆ ಗೊತ್ತು.

ಮೊನ್ನೆ ನಾನೇ ಕೊಡಲಿ ತೆಗೆದುಕೊಂಡೆ. ಕಿತ್ತುಕೊಂಡು ಬೀರುವಿನ ಹಿಂದೆ ಇಟ್ಟುಬಿಟ್ಟಳು. ನನ್ನ ಮನೆ, ನನ್ನ ಪೈಪು, ನನಗೆ ಅಧಿಕಾರ ಇಲ್ಲವಾ ಅಂತ ಕೇಳಿದೆ. “ಪೈಪು ನಿಮ್ದು, ಗಿಡ ಅವಳ್ದು. ಅವಳು ಹೇಳೋವರೆಗೂ ಯಾರೂ ಮುಟ್ಟೋದು ಬೇಡ” ಅಂದಳು.

ನಾನು ನಿನಗೆ ಏನೂ ಹೇಳುವುದಿಲ್ಲ. ಇರುವುದನ್ನು ಇದ್ದ ಹಾಗೆ ಬರೆದಿದ್ದೇನೆ. ಹುಷಾರು.

ಅಪ್ಪ


ಜುಲೈ ೨೪

ಚಿಕ್ಕಮ್ಮನಿಗೆ,

ಕಣಗಿಲೆ ಕಡಿಸಿ. ಈ ಪತ್ರ ಸಿಕ್ಕ ದಿನವೇ ಪ್ಲಂಬರನಿಗೆ ಹೇಳಿಕಳಿಸಿ. ಕಡಿಯುವವರು ಕೈಗೆ ಗ್ಲೌಸು ಹಾಕಿಕೊಳ್ಳಲಿ, ಅದರ ಹಾಲು ವಿಷ. ಕೊಂಬೆಗಳನ್ನು ಒಲೆಗೂ ಬೆಂಕಿಗೂ ಹಾಕಬೇಡಿ, ಹೊಗೆಯೂ ಒಳ್ಳೆಯದಲ್ಲ.

ನಿಜ ಹೇಳಬೇಕೆಂದರೆ ಅಮ್ಮ ಆ ಗಿಡವನ್ನು ಬೈಯದ ದಿನವಿರಲಿಲ್ಲ. ಪಕ್ಕದ ಮನೆಯವರ ಬಚ್ಚಲಿನ ಕಿಟಕಿ ನಮ್ಮ ಅಡುಗೆಮನೆಗೆ ನೇರ ಎದುರು ಬರುತ್ತದೆ ಎಂದು ಮರೆಗೆ ನೆಟ್ಟದ್ದು. ಆಮೇಲೆ ಅದರ ಎಲೆ ಗುಡಿಸಿ ಗುಡಿಸಿ ಸಾಕಾಗಿ, ಇದಕ್ಕಿಂತ ಅವರ ಬಚ್ಚಲೇ ವಾಸಿಯಿತ್ತು ಎನ್ನುತ್ತಿದ್ದಳು. ಹಾಗಿದ್ದೂ ನಾನೇಕೆ ಬೇಡ ಅಂದೆ? ನಿಮ್ಮಿಂದ ಬಂದ ಮೊದಲ ಪತ್ರದಲ್ಲೇ ಕಡಿಯುವ ಮಾತಿತ್ತು, ಅದಕ್ಕೇ ಇರಬೇಕು. ನೀವು ಛತ್ರಿ ಹಿಡಿದು ಪಾತ್ರೆ ತೊಳೆಯುತ್ತೀರಿ ಎಂದು ನನಗೆ ತಿಳಿಸಿದವರು ಯಾರು ಎಂದು ಕೇಳಬೇಡಿ. ಅವರ ಅಕ್ಷರ ಕೋಳಿ ಕೆದರಿದ ಹಾಗಿದೆ, ಅಷ್ಟೇ ಹೇಳುತ್ತೇನೆ.

ನೀವು ಕಳಿಸಿದ ಎಲೆ ಸುಗಂಧಿಯದು. ಬಿಳಿ ಚಿಟ್ಟೆ ಕೂತ ಹಾಗೆ ಹೂ ಬಿಡುತ್ತದೆ. ನಿಮಗೆ ಸಂಜೆ ಘಮ್ಮೆನ್ನುವುದು ಅದೇ ಇರಬೇಕು, ಇಲ್ಲವೇ ಗೋಡೆಯ ಪಕ್ಕದ ಮಲ್ಲಿಗೆ. ಎರಡನ್ನೂ ಖಂಡಿತ ಇಡಿ. ನೀಲಿ ಹೂವಿನ ಒಂದು ಪೊದೆ ಇರಬೇಕು, ಬಚ್ಚಲು ನೀರು ಹೋಗುವ ಕಡೆ. ಅದನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಹೆದರಬೇಡಿ, ಮತ್ತೆ ಚಿಗುರುತ್ತದೆ. ಉಳಿದವು ಅಮ್ಮ ಕಂಡಕಂಡವರ ಮನೆಯಿಂದ ತಂದು ಚುಚ್ಚಿದ್ದು. ಯಾರ ಮನೆಗೆ ಹೋದರೂ ಛತ್ರಿಯೊಳಗೆ ಒಂದು ಕಡ್ಡಿ ಅಡಗಿಸಿಕೊಂಡು ಬರುತ್ತಿದ್ದಳು. ಒಂದೊಂದರಲ್ಲೂ ಒಂದೊಂದೇ. ಆದ್ದರಿಂದಲೇ ನಮ್ಮ ಹಿತ್ತಲಲ್ಲಿ ಎಲ್ಲವೂ ಇತ್ತು, ಯಾವುದೂ ಕಾಣುತ್ತಿರಲಿಲ್ಲ.

ನೀವು ಕೇಳಿದ್ದಕ್ಕೆ ನನಗೆ ತಿಳಿದದ್ದು ಹೇಳುತ್ತೇನೆ. ನನ್ನ ಕೆಲಸ ಹಲ್ಲು ಮಾಡುವುದು. ಒಬ್ಬರಿಗೆ ಒಂದು ಹಲ್ಲು ಹೋಗಿದ್ದರೆ, ಪಕ್ಕದ ಹಲ್ಲುಗಳ ಬಣ್ಣಕ್ಕೆ ಹೊಂದಿಸಿ, ಅದು ಹೊಸದೆಂದು ಯಾರಿಗೂ ತಿಳಿಯದ ಹಾಗೆ ಕೂರಿಸಬೇಕು. ಬಿಳಿಯಲ್ಲಿ ಎಷ್ಟು ಬಗೆಯ ಬಿಳಿ ಇದೆ ಎಂದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಕೂದಲೆಳೆಯಷ್ಟು ಹೆಚ್ಚಾದರೂ ನಕ್ಕಾಗ ಅದೊಂದೇ ಕಾಣುತ್ತದೆ. ಯಾವುದೂ ಎದ್ದು ಕಾಣದಂತೆ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಹಿತ್ತಲಿಗೆ ಅದನ್ನೇ ತಿರುಗಾಮುರುಗಾ ಮಾಡಿ ನೋಡಿ. ಎದ್ದು ಕಾಣಬೇಕಾದದ್ದು ಕೆಲವೇ ಇರಲಿ, ಅದರ ಅಕ್ಕಪಕ್ಕ ಸುಮ್ಮನೆ ಹಸಿರು ಇರಲಿ. ಒಂದು ಕೆಂಪು ಹೂವಿಗಿಂತ ಒಂದೇ ಬಣ್ಣದ ಒಂದು ಸಾಲು ಚೆಂದ. ತರಕಾರಿಯನ್ನು ಮೂಲೆಗೆ ತಳ್ಳಬೇಡಿ. ಕೆಂಪು ಹರಿವೆಗೆ ಬಿಸಿಲು ಹಿಂದಿನಿಂದ ಬಿದ್ದರೆ ಯಾವ ಹೂವೂ ಅದರ ಮುಂದೆ ನಿಲ್ಲುವುದಿಲ್ಲ.

ಗಿಡ ಕೊಳ್ಳುವ ಮೊದಲು ನೀವು ಎಲ್ಲೆಲ್ಲಿ ನಿಲ್ಲುತ್ತೀರಿ ಎಂದು ನೋಡಿಕೊಳ್ಳಿ. ಸಿಂಕಿನ ಮುಂದೆ, ಬಟ್ಟೆಯ ತಂತಿಯ ಕೆಳಗೆ, ಅಪ್ಪ ಪೇಪರು ಓದುವ ಕುರ್ಚಿಯಲ್ಲಿ. ಅಲ್ಲಿಂದ ಕಾಣುವ ಜಾಗಕ್ಕೆ ಮಾತ್ರ ಖರ್ಚು ಮಾಡಿ.

ಇಂತಿ,
ಗುಬ್ಬಿ


ಆಗಸ್ಟ್ ೧೦

ಗುಬ್ಬಿಗೆ,

ನೀನು ‘ಚಿಕ್ಕಮ್ಮ’ ಎಂದು ಬರೆದದ್ದನ್ನು ಓದಿ ಕೌಂಟರಿನಲ್ಲಿ ಒಬ್ಬರಿಗೆ ಎರಡು ಸಲ ಅಂಚೆಚೀಟಿ ಕೊಟ್ಟುಬಿಟ್ಟೆ. ಪಾಪ, ಪ್ರಾಮಾಣಿಕರು, ವಾಪಸು ಕೊಟ್ಟು ಹೋದರು.

ಕಣಗಿಲೆ ಹೋಯಿತು. ಇಬ್ಬರು ಸೇರಿ ಮಧ್ಯಾಹ್ನದವರೆಗೆ ಕಡಿದರು. ಬುಡ ಅಗೆದಾಗ ಪೈಪಿನೊಳಗಿಂದ ಜಡೆಯ ಹಾಗೆ ಬೇರು ಬಂತು, ನನ್ನಷ್ಟು ಉದ್ದ. ನಾನು ಅಲ್ಲೇ ನಿಂತಿದ್ದೆ. ಅಷ್ಟು ವರ್ಷದ ಗಿಡ, ಯಾರಾದರೂ ಜೊತೆಗಿರಲಿ ಅನ್ನಿಸಿತು. ಕೊನೆಯ ಕೊಂಬೆಯಲ್ಲಿ ಹೂವಿತ್ತು. ಒಂದು ಗೊಂಚಲು ತೆಗೆದು ನಿನ್ನ ಅಮ್ಮನ ಫೋಟೋದ ಹತ್ತಿರ ಇಡಲೇ ಅಂತ ಯೋಚಿಸಿದೆ. ಆಮೇಲೆ ನೀನು ಬರೆದದ್ದು ನೆನಪಾಯಿತು. ಬೈದುಕೊಂಡಾರು ಎಂದು ಬಿಟ್ಟೆ.

ಈಗ ಒಂದು ತಮಾಷೆ ಕೇಳು. ಅಡುಗೆಮನೆಯ ಗೋಡೆ ತಿಳಿಹಸಿರು ಅಂತ ನಾನು ತಿಳಿದಿದ್ದೆ. ನಿನ್ನ ಅಪ್ಪನೂ ಹಾಗೇ ಅಂದುಕೊಂಡಿದ್ದರು. ಕಣಗಿಲೆ ಬಿದ್ದ ಕೂಡಲೇ ಬಿಸಿಲು ಒಳಗೆ ಬಂತು. ನೋಡಿದರೆ ಗೋಡೆ ಹಳದಿ. ಇಷ್ಟು ವರ್ಷ ಗಿಡದ ನೆರಳಿಗೆ ಹಸಿರಾಗಿ ಕಂಡಿತ್ತು. ನಿನ್ನ ಅಪ್ಪ ಬಾಗಿಲಲ್ಲಿ ನಿಂತುಕೊಂಡು, ಈ ಬಣ್ಣ ನಾನೇ ಹೊಡೆದದ್ದು, ಮರೆತೇಹೋಗಿತ್ತು ಅಂದರು. ಮತ್ತೆ ಏನೋ ಹೇಳಲು ಹೋಗಿ, ಪಂಪ್ ಹೌಸಿಗೆ ಹೊತ್ತಾಯ್ತು ಎಂದು ಹೊರಟರು. ಅವತ್ತು ಅವರಿಗೆ ರಜೆ.

ಪಕ್ಕದ ಮನೆಯ ಬಚ್ಚಲಿನ ಕಿಟಕಿಗೆ ಈಗ ಮಸುಕು ಗಾಜು ಇದೆ, ಏನೂ ಕಾಣುವುದಿಲ್ಲ. ತಮ್ಮ ಬಚ್ಚಲಿಗೂ ಬೆಳಕು ಬಂತೆಂದು ಆಕೆ ಖುಷಿಯಾಗಿದ್ದಾರೆ.

ನಿನ್ನ ಮಾತಿನಂತೆ ಮೊದಲು ಎಲ್ಲ ಕಡೆ ನಿಂತು ನೋಡಿದೆ. ನಿನ್ನ ಅಪ್ಪನ ಕುರ್ಚಿಯಲ್ಲೂ ಕೂತೆ. ಆಮೇಲೆ ನರ್ಸರಿಗೆ ಹೋದೆ. ಅಲ್ಲಿ ಒಬ್ಬಳು ಗಟ್ಟಿಗಿತ್ತಿ ಇದ್ದಾಳೆ, ಮಣ್ಣಿನ ಕೈಯಲ್ಲೇ ಬೀಡಿ ಸೇದುತ್ತಾ ಮಾತಾಡುತ್ತಾಳೆ. ನಾನು ಚೆಂದ ಕಂಡದ್ದನ್ನೆಲ್ಲ ಎತ್ತಿಕೊಳ್ಳಲು ಹೋದೆ. “ಇದನ್ನೆಲ್ಲ ಒಂದೊಂದು ಒಯ್ದರೆ ನಿಮ್ಮನೆ ಹಿತ್ತಲು ನನ್ನ ನರ್ಸರಿ ಥರ ಆಗುತ್ತೆ, ಮನೆ ಥರ ಆಗಲ್ಲ” ಅಂದಳು. ನೀನು ಹೇಳಿದ್ದನ್ನೇ ಹೇಳಿದಳಲ್ಲ ಎಂದು ಹೆಮ್ಮೆಯಾಯಿತು.

ಕೊನೆಗೆ ಇಷ್ಟು ಅಂದುಕೊಂಡಿದ್ದೇನೆ. ಸುಗಂಧಿ, ಮಲ್ಲಿಗೆ, ನೀಲಿ ಪೊದೆ, ಇವು ಇದ್ದಲ್ಲೇ. ತಂತಿಯ ಕೆಳಗಿನ ದಾರಿಗುಂಟ ಬಿಳಿ ಜೀನಿಯಾ ಒಂದು ಸಾಲು, ಬೇರೆ ಬಣ್ಣ ಬೆರೆಸುವುದಿಲ್ಲ. ಅದರ ಹಿಂದೆ ಕೆಂಪು ಹರಿವೆ. ಕುರ್ಚಿಯ ಎದುರಿಗೆ ಬದನೆ, ನಿನ್ನ ಅಪ್ಪನಿಗೆ ಇಷ್ಟ, ಅದರ ಹೂವಿನ ನೇರಳೆಯೂ ಚೆನ್ನಾಗಿದೆ. ಬೇಲಿಗೆ ಬೀನ್ಸ್ ಬಳ್ಳಿ. ಕಣಗಿಲೆ ಇದ್ದ ಜಾಗ ಸದ್ಯಕ್ಕೆ ಖಾಲಿ ಇದೆ. ನೀನು ಹೇಳು.

ಇಂತಿ,
ಚಿಕ್ಕಮ್ಮ


ಆಗಸ್ಟ್ ೨೧

ಚಿಕ್ಕಮ್ಮನಿಗೆ,

ನಿಮ್ಮ ಆಯ್ಕೆ ಚೆನ್ನಾಗಿದೆ. ಬಿಳಿಯ ಹಿಂದೆ ಹರಿವೆಯ ಕೆಂಪು, ಇದು ನನಗೂ ಹೊಳೆದಿರಲಿಲ್ಲ. ಸಾಲನ್ನು ದಾರಕಟ್ಟಿ ನೇರ ಮಾಡಬೇಡಿ, ದಾರಿ ಬಳುಕಿದ ಹಾಗೆ ಬಳುಕಲಿ. ಬದನೆಯ ಎಲೆಯ ಅಡಿ ಆಗಾಗ ನೋಡುತ್ತಿರಿ, ಹುಳು ಅಲ್ಲೇ ಸಂಸಾರ ಹೂಡುತ್ತದೆ. ಪಕ್ಕದಲ್ಲಿ ಎರಡು ಚೆಂಡುಹೂವಿನ ಗಿಡ ಇದ್ದರೆ ಒಳ್ಳೆಯದು ಎನ್ನುತ್ತಾರೆ.

ಗೋಡೆಯ ವಿಷಯ ಓದಿ ನಗು ಬಂತು. ಆಮೇಲೆ ಊಟದ ಡಬ್ಬಿ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ. ಆ ಹಳದಿ ನನಗೂ ಮರೆತಿತ್ತು.

ಒಂದು ಮಾತು ಕೇಳುತ್ತೇನೆ. ನಿಮ್ಮ ಪತ್ರವನ್ನು ಮತ್ತೆ ಓದಿದೆ. ಅಮ್ಮನ ಗಿಡಗಳು ಉಳಿದಿವೆ. ಅಪ್ಪನಿಗೆ ಬದನೆ. ನಾನು ಕೇಳದಿದ್ದರೂ ನನಗೆಂದು ಬಿಳಿ ಹುಡುಕಿದ್ದೀರಿ. ಹರಿವೆ ನಾನು ಹೇಳಿದ್ದು. ಬೀನ್ಸ್ ನರ್ಸರಿಯವಳು ಹೇಳಿರಬೇಕು. ಇದರಲ್ಲಿ ನಿಮ್ಮದು ಯಾವುದು?

ಗುಬ್ಬಿ


ಸೆಪ್ಟೆಂಬರ್ ೧

ಗುಬ್ಬಿಗೆ,

ನೀನು ಕೇಳಿದೆಯಲ್ಲ, ನನ್ನದು ಯಾವುದು ಅಂತ.

ಸಿಹಿಗುಂಬಳ.

ನಗಬೇಡ. ನಾನು ಮದುವೆಯಾಗುವವರೆಗೂ ಇದ್ದದ್ದು ಮಹಡಿಯ ಮೇಲಿನ ಬಾಡಿಗೆ ಕೋಣೆಗಳಲ್ಲಿ. ಒಂದಾದ ಮೇಲೊಂದು ಎಷ್ಟೋ ಮನೆ. ನನ್ನ ತಾಯಿ ಹಾಸಿಗೆ ಹಿಡಿದಿದ್ದರು, ಅವರ ಮಂಚ, ನನ್ನ ಚಾಪೆ, ಒಂದು ಸ್ಟೌ, ಅಷ್ಟಕ್ಕೇ ಕೋಣೆ ತುಂಬುತ್ತಿತ್ತು. ಕಿಟಕಿಯ ಅಂಚಿನಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟೇ ಗಿಡ. ಅದೂ ಮನೆಯೊಡೆಯರು ನೀರು ತೊಟ್ಟಿಕ್ಕುತ್ತದೆ ಅಂದರೆ ತೆಗೆಯಬೇಕು. ಅಂಚೆ ಕಚೇರಿಯ ದಾರಿಯಲ್ಲಿ ಒಂದು ಖಾಲಿ ಸೈಟಿನಲ್ಲಿ ಯಾರೋ ಎಸೆದ ಬೀಜದಿಂದ ಕುಂಬಳದ ಬಳ್ಳಿ ಹುಟ್ಟಿತ್ತು. ಯಾರನ್ನೂ ಕೇಳದೆ ಕಾಂಪೌಂಡ್ ಹತ್ತಿ, ಇಳಿದು, ನಿಲ್ಲಿಸಿದ್ದ ಲಾರಿಯ ಚಕ್ರವನ್ನೂ ಸುತ್ತಿಕೊಂಡು, ಮೊರದಗಲ ಎಲೆ ಬಿಟ್ಟುಕೊಂಡು ರಾಜನ ಹಾಗೆ ಮಲಗಿತ್ತು. ಅದರ ಹೂವಿನ ಹಳದಿ ದೂರದಿಂದಲೇ ಕಾಣುತ್ತಿತ್ತು. ಕೆಲಸಕ್ಕೆ ಹೋಗುವಾಗ ದಿನಾ ನಿಂತು ನೋಡುತ್ತಿದ್ದೆ. ಏನು ಧೈರ್ಯ ಅದಕ್ಕೆ ಅನ್ನಿಸುತ್ತಿತ್ತು.

ಆದರೆ ಅದಕ್ಕೆ ಜಾಗ ಬಹಳ ಬೇಕು. ನಿನ್ನ ಅಮ್ಮನ ಹಿತ್ತಲಲ್ಲಿ ನಾನು ಅಷ್ಟು ಜಾಗ ಹಿಡಿಯುವುದು ಸರಿಯಲ್ಲ ಎಂದು ಬರೆಯಲಿಲ್ಲ. ಬೀನ್ಸ್ ಇದೆ, ಅದೂ ಬಳ್ಳಿಯೇ. ನನಗೆ ಸಾಕು.

ಇಂತಿ,
ಚಿಕ್ಕಮ್ಮ


ಸೆಪ್ಟೆಂಬರ್ ೮

ಚಿಕ್ಕಮ್ಮನಿಗೆ,

ಕಣಗಿಲೆ ಇದ್ದ ಜಾಗ ಕುಂಬಳಕ್ಕೆ. ಮನೆಯಲ್ಲೆಲ್ಲ ಅತ್ಯಂತ ಹೆಚ್ಚು ಬಿಸಿಲು ಬೀಳುವುದು ಈಗ ಅಲ್ಲೇ.

ಇದು ಸಲಹೆಯಲ್ಲ. ಅಪ್ಪ ಹೇಳಿದ್ದನ್ನು ನೀವು ಕೇಳಲಿಲ್ಲವಲ್ಲ, ಗಿಡದ ವಿಷಯ ನಾನು ಹೇಳಿದಂತೆ ಆಗಬೇಕು ಎಂದಿರಿ. ಹಾಗಾದರೆ ಕೇಳಿ. ದೊಡ್ಡ ಗುಂಡಿ ತೋಡಿ, ಹಳೆಯ ಬೇರಿನ ಚೂರುಗಳನ್ನೆಲ್ಲ ಆರಿಸಿ ತೆಗೆಯಿಸಿ, ಗೊಬ್ಬರ ತುಂಬಿ. ಬೀಜವನ್ನು ರಾತ್ರಿ ನೆನೆಹಾಕಿ. ಇದರ ಜೊತೆ ಒಂದು ಪೊಟ್ಟಣ ಇದೆ. ನಮ್ಮ ಲ್ಯಾಬಿನಲ್ಲಿ ಮೇಣದ ಅಚ್ಚು ಮಾಡುವ ಅಜ್ಜನ ಮನೆಯದು, ಬೂದುಬಣ್ಣದ ಸಿಪ್ಪೆ, ಒಳಗೆ ಕೇಸರಿ, ಭಾರಿ ಕಾಯಿ ಆಗುತ್ತದಂತೆ. ಬೀಜ ಹಾಕಿದ ಲಕೋಟೆಗೆ ನೀವು ಮುದ್ರೆಯನ್ನು ಜೋರಾಗಿ ಹೊಡೆಯುವವರಲ್ಲ ಎಂದು ನಂಬಿದ್ದೇನೆ.

ಎತ್ತ ಹೋಗುತ್ತದೋ ಅತ್ತ ಹೋಗಲಿ, ಬಿಡಿ.

ಗುಬ್ಬಿ


ನವೆಂಬರ್ ೧೦

ಗುಬ್ಬಿಗೆ,

ಒಳ್ಳೆಯ ಸುದ್ದಿಗಿಂತ ಕೆಟ್ಟದ್ದನ್ನು ಮೊದಲು ಹೇಳಿಬಿಡುತ್ತೇನೆ. ಜೀನಿಯಾದ ಅರ್ಧ ಸಾಲನ್ನು ಬಸವನಹುಳು ಮೇಯ್ದುಹಾಕಿದವು. ನಿನ್ನ ಅಪ್ಪ ಬೆಳಗ್ಗೆ ಎದ್ದು ಡಬ್ಬದಲ್ಲಿ ಅವನ್ನೆಲ್ಲ ಹಿಡಿದು, ಕೊಲ್ಲಲು ಮನಸ್ಸಾಗದೆ, ಪಂಪ್ ಹೌಸಿನ ಹಿಂದಿನ ಹುಲ್ಲಿಗೆ ಬಿಟ್ಟು ಬರುತ್ತಾರೆ. ಬೀನ್ಸ್ ಬಳ್ಳಿ ಗಾಳಿಗೆ ಕೋಲುಸಮೇತ ಮಗುಚಿ ಬಿತ್ತು. ಚೆಂಡುಹೂ ಹಾಕಿದ್ದರೂ ಬದನೆಯ ಹುಳು ಅದನ್ನು ಕ್ಯಾರೇ ಅನ್ನಲಿಲ್ಲ.

ಹರಿವೆ ಮಾತ್ರ ನೀನು ಹೇಳಿದಂತೆಯೇ ಆಯಿತು. ಸಂಜೆ ಬಿಸಿಲಲ್ಲಿ ದೀಪ ಹಚ್ಚಿಟ್ಟ ಹಾಗಿದೆ. ಕೊಯ್ದು ಅಡುಗೆ ಮಾಡಲು ಮನಸ್ಸು ಬರುವುದಿಲ್ಲ. ನೀಲಿ ಪೊದೆ ಚಿಗುರಿ ಹೂಬಿಟ್ಟಿದೆ.

ಕುಂಬಳದ ಕಥೆಯೇ ಬೇರೆ. ಅಡುಗೆಮನೆಯ ಕಿಟಕಿಯವರೆಗೆ ಹತ್ತಿದೆ. ಸಿಂಕಿನ ಮುಂದೆ ನಿಂತರೆ ಒಂದು ಎಲೆ ಒಳಗೆ ಇಣುಕುತ್ತದೆ. ಆದರೆ ಕಾಯಿ ಕಚ್ಚಿದ್ದೆಲ್ಲ ಹಳದಿಯಾಗಿ ಉದುರುತ್ತಿತ್ತು. ನರ್ಸರಿಯವಳನ್ನು ಕೇಳಿದೆ. ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ಜೇನುನೊಣ ಕಡಿಮೆಯಾದರೆ ನೀವೇ ಮದುವೆ ಮಾಡಿಸಬೇಕು ಅಂದಳು. ಬೆಳಗ್ಗೆ ಹೂ ಅರಳುವ ಹೊತ್ತಿಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರುತ್ತಿದ್ದೆ. ನಿನ್ನ ಅಪ್ಪ ಕಿಟಕಿಯಿಂದ ನೋಡಿ, ಈ ಮದುವೆಗೂ ಸಾಕ್ಷಿ ಸಹಿ ಬೇಕಾ ಅಂದರು. ಈಗ ಒಂದು ಕಾಯಿ ನಿಂತಿದೆ. ಅಂಗೈಯಷ್ಟಿದ್ದದ್ದು ಈಗ ಎರಡು ಕೈಯಲ್ಲಿ ಹಿಡಿಯುವಷ್ಟಾಗಿದೆ. ಕೆಳಗೆ ಹುಲ್ಲು ಹಾಸಿದ್ದೇನೆ.

ಗುಬ್ಬಿ, ಇನ್ನೊಂದು ವಿಷಯ. ಹೇಗೆ ಬರೆಯುವುದೋ ಗೊತ್ತಿಲ್ಲ, ನೇರವಾಗಿ ಬರೆಯುತ್ತೇನೆ. ನಿನ್ನ ಅಮ್ಮನ ಸೌಟಿನಲ್ಲಿ ಅಡುಗೆ ಮಾಡುತ್ತೇನೆ. ಅವರ ಗಿಡಕ್ಕೆ ನೀರು ಹಾಕುತ್ತೇನೆ. ಆದರೆ ಅವರು ಹೇಗಿದ್ದರು ಎಂದು ನನಗೆ ಗೊತ್ತೇ ಇಲ್ಲ. ಈ ಮನೆಯಲ್ಲಿ ಯಾರೂ ಅವರ ಮಾತೆತ್ತುವುದಿಲ್ಲ. ನಿನ್ನ ಅಪ್ಪನಿಗೆ, ನನ್ನ ಎದುರು ಹೇಳಿದರೆ ನನಗೆ ನೋವಾದೀತು ಎಂದು ಸಂಕೋಚ. ಛತ್ರಿಯೊಳಗೆ ಕಡ್ಡಿ ಅಡಗಿಸಿ ತರುತ್ತಿದ್ದರು ಎಂದು ನೀನು ಬರೆದದ್ದೇ ನನಗೆ ತಿಳಿದಿರುವ ಮೊದಲ ಸಂಗತಿ. ಅದನ್ನು ಓದಿದ ದಿನದಿಂದ ಅವರು ನನಗೆ ಇಷ್ಟವಾಗಿದ್ದಾರೆ. ಇನ್ನೂ ಹೇಳುತ್ತೀಯಾ? ಪತ್ರದಲ್ಲಿ ಆಗದಿದ್ದರೆ ಬಂದಾಗ.

ಬರುತ್ತೀಯಾ ಎಂದೂ ಕೇಳಿದ ಹಾಗಾಯಿತು.

ಇಂತಿ,
ಚಿಕ್ಕಮ್ಮ


ಡಿಸೆಂಬರ್ ೬

ಚಿಕ್ಕಮ್ಮನಿಗೆ,

ಉತ್ತರ ಬರೆಯಲು ಎಷ್ಟೋ ಸಲ ಕೂತೆ, ಬರಲಿಲ್ಲ. ಅಮ್ಮನ ಬಗ್ಗೆ ಬರೆದರೆ ಅವಳು ಪಾಠಪುಸ್ತಕದ ತಾಯಿಯ ಹಾಗೆ ಒಳ್ಳೆಯವಳಾಗಿಬಿಡುತ್ತಾಳೆ. ಅವಳು ಹಾಗಿರಲಿಲ್ಲ. ಜಗಳಗಂಟಿ.

ರಜೆ ಸಿಕ್ಕಿದೆ. ಮುಂದಿನ ಗುರುವಾರ ಹೊರಡುತ್ತೇನೆ. ಸ್ಟೇಷನ್ನಿಗೆ ಅಪ್ಪ ಬರುವುದು ಬೇಡ, ದಾರಿ ಮರೆತಿಲ್ಲ.

ಗುಬ್ಬಿ


ಡಿಸೆಂಬರ್ ೨೫

ಚಿಕ್ಕಮ್ಮನಿಗೆ,

ಸುಖವಾಗಿ ತಲುಪಿದೆ ಎಂದು ಫೋನಿನಲ್ಲಿ ಹೇಳಿದ್ದು ನಿಮಗೆ ಸಾಕಾಗಿರುವುದಿಲ್ಲ. ನನಗೂ ಸಾಕಾಗಿಲ್ಲ. ನಿಮಗೆ ಗೊತ್ತಿಲ್ಲದ ಒಂದೆರಡು ಸಂಗತಿ ಬರೆಯಬೇಕು.

ಅವತ್ತು ನಾನು ಮುಂಬಾಗಿಲಿಗೆ ಬರುವ ಮೊದಲು ಹಿಂದಿನ ಓಣಿಯಿಂದ ಬಂದೆ. ಒಳಗೆ ಬರುವ ಮುಂಚೆ ಒಬ್ಬಳೇ ಒಂದು ಸಲ ಹಿತ್ತಲು ನೋಡಬೇಕೆಂದಿತ್ತು. ಏನು ಕಂಡರೂ ಮುಖ ಸರಿಮಾಡಿಕೊಳ್ಳಲು ಸಮಯ ಇರಲಿ ಎಂದು. ಬೇಲಿಯ ಆಚೆ ನೀವು ಬಗ್ಗಿ ನಿಂತಿದ್ದಿರಿ. ಕುಂಬಳದ ಬಳ್ಳಿಯ ತುದಿ ಮಲ್ಲಿಗೆಯನ್ನು ಸುತ್ತಿಕೊಂಡಿತ್ತು. ನೀವು ಅದರ ಒಂದೊಂದೇ ಸುರುಳಿಯನ್ನು ಉಗುರಿನಿಂದ ಬಿಡಿಸುತ್ತಾ, ತುಂಟ ಮಗುವಿಗೆ ಹೇಳಿದ ಹಾಗೆ ಮೆಲ್ಲಗೆ ಹೇಳುತ್ತಿದ್ದಿರಿ: “ಈ ಕಡೆ ಬರಬಾರದಪ್ಪಾ. ಇದು ಅವರ ಜಾಗ.”

ನಾನು ಹಾಗೇ ಹಿಂದಕ್ಕೆ ಹೋಗಿ, ಓಣಿಯ ತುದಿಯ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಮುಂದಿನಿಂದ ಬಂದು ಬೆಲ್ ಒತ್ತಿದೆ. ಕಣ್ಣು ಯಾಕೆ ಕೆಂಪಗಿದೆ ಎಂದು ನೀವು ಕೇಳಿದಾಗ ರೈಲಿನ ಧೂಳು ಅಂದೆನಲ್ಲ, ಅದು ಧೂಳಲ್ಲ.

ಹಿತ್ತಲು ನೋಡುವ ಮುಂಚೆ ನನಗಿದ್ದ ಭಯ, ಅಲ್ಲಿ ಅಮ್ಮ ಕಾಣುವುದೇ ಇಲ್ಲವೇನೋ ಎಂದು. ಅವಳಿದ್ದಾಗ ಆ ಗಿಡಗಳ ನಡುವೆ ಮಲ್ಲಿಗೆ ಇದೆ ಎಂಬುದೇ ತಿಳಿಯುತ್ತಿರಲಿಲ್ಲ. ಈಗ ಗೋಡೆಯ ಮೇಲೆ ಅದೊಂದೇ ಇದೆ, ಸುತ್ತ ಖಾಲಿ. ಹತ್ತಿರ ಹೋಗಿ ನಿಂತರೆ ಅವಳು ಕಟ್ಟಿದ ಹಳೆಯ ತಂತಿಯ ಗಂಟು ಇನ್ನೂ ಕಾಂಡದಲ್ಲಿದೆ. ನೀವು ಅದನ್ನು ಬಿಚ್ಚಿರಲಿಲ್ಲ.

ಮೆಟ್ಟಿಲ ಮೇಲೆ ಕೂತು ಬೀನ್ಸ್ ಬಿಡಿಸುತ್ತಾ ಆಡಿದ ಮಾತುಗಳನ್ನು ನಾನು ಮತ್ತೆ ಬರೆಯಬೇಕಿಲ್ಲ. ಆದರೆ ಒಂದು ಹೇಳುತ್ತೇನೆ. ಅವಳು ಹಾಲಿನವನ ಜೊತೆ ಜಗಳಾಡಿದ್ದು, ಹಾಡು ಬಾರದಿದ್ದರೂ ಜೋರಾಗಿ ಹಾಡುತ್ತಿದ್ದದ್ದು, ಆಸ್ಪತ್ರೆಯ ಹಾಸಿಗೆಯಲ್ಲೂ ಕಿಟಕಿಯಾಚೆಯ ಕುಂಡಕ್ಕೆ ನೀರು ಹಾಕಿಲ್ಲ ಎಂದು ನರ್ಸನ್ನು ಗದರಿಸಿದ್ದು, ಇದನ್ನೆಲ್ಲ ನಾನು ಯಾರಿಗೂ ಹೇಳಿರಲಿಲ್ಲ. ಕೇಳಿದವರೂ ಇರಲಿಲ್ಲ. ನೀವು ನಗುತ್ತಿದ್ದಿರಿ, ನಡುನಡುವೆ “ಆಮೇಲೆ?” ಅನ್ನುತ್ತಿದ್ದಿರಿ. ಅಪ್ಪ ಪೇಪರು ಹಿಡಿದು ಒಂದೇ ಪುಟ ನೋಡುತ್ತಾ ಕೂತಿದ್ದರು. ಕೊನೆಗೆ ಪೇಪರು ಮಡಚಿಟ್ಟು, “ಹಾಲಿನವನಲ್ಲ ಅದು, ಗ್ಯಾಸಿನವನು” ಎಂದು ತಿದ್ದಿದರಲ್ಲ. ಅಲ್ಲಿಂದ ಶುರುಮಾಡಿ, ನೀವು ಊಟಕ್ಕೆ ಎಬ್ಬಿಸುವವರೆಗೂ ಅವರೇ ಮಾತಾಡಿದರು. ನನ್ನ ಅಪ್ಪ ಅಷ್ಟು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಹೊರಡುವಾಗ ನೀವು ಕುಂಬಳಕಾಯಿಯನ್ನು ಕೊಯ್ದು ನನ್ನ ಮಡಿಲಿಗಿಟ್ಟಿರಿ. ಇಷ್ಟು ಕಷ್ಟಪಟ್ಟು ಬೆಳೆದ ಒಂದೇ ಕಾಯಿ, ಬೇಡ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಚೀಲದಲ್ಲಿ ಹಿಡಿಸಲಿಲ್ಲ. ರೈಲಿನಲ್ಲಿ ಮೇಲೆ ಇಟ್ಟರೆ ಉರುಳಿ ಯಾರದಾದರೂ ತಲೆಯ ಮೇಲೆ ಬಿದ್ದೀತೆಂದು, ಕೂಸನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಹೋಗುವವರು ಬರುವವರೆಲ್ಲ ಅದನ್ನೇ ನೋಡುತ್ತಿದ್ದರು. ಬೋಗಿಯಲ್ಲಿ ಅದರಷ್ಟು ಎದ್ದು ಕಾಣುವುದು ಬೇರೆ ಯಾವುದೂ ಇರಲಿಲ್ಲ. ಒಬ್ಬರು ಬೆರಳಿನಿಂದ ತಟ್ಟಿ ನೋಡಿ, ಚೆನ್ನಾಗಿ ಬಲಿತಿದೆ ಎಂದು ಹೇಳಿ ಹೋದರು.

ಎದುರಿಗೆ ಒಬ್ಬಾಕೆ ಕೂತಿದ್ದರು, ವಯಸ್ಸಾದವರು, ಸ್ವೆಟರ್ ಹೆಣೆಯುತ್ತಿದ್ದರು. ಕಾಯಿಯ ಕಡೆ ನೋಡಿ, ಎಷ್ಟು ಕೊಟ್ಟಿರಿ ಎಂದು ಕೇಳಿದರು. ಕೊಂಡದ್ದಲ್ಲ, ಮನೆಯದು ಅಂದೆ.

“ಅಮ್ಮ ಬೆಳೆದದ್ದಾ?” ಅಂದರು.

ಹೌದು ಅಂದೆ. ಹೇಳಿ ಆದ ಮೇಲೆ ಕಿಟಕಿಯಾಚೆ ನೋಡುತ್ತಾ ಕೂತೆ. ಮುಂದಿನ ಸ್ಟೇಷನ್ ಬಂತು, ಅದರ ಮುಂದಿನದೂ ಬಂತು. ಆಕೆ ಇಳಿದು ಹೋಗುವವರೆಗೂ ನನಗೆ ಅದನ್ನು ತಿದ್ದಿ ಹೇಳಬೇಕು ಅನ್ನಿಸಲಿಲ್ಲ.

ಇಂತಿ,
ನಿಮ್ಮ ಗುಬ್ಬಿ